ಮಗ್ಗ ಸಡಿಲಿಸಿದ ಏಳು ಸಲ

ಗುರುವಾರ ಸಂಜೆ ಸಂಜಯ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿ ಪಾಳಿ ಮುಗಿಸಿ, ಖಾನಾಪುರದ ಬಸ್ಸಿಳಿದು ಮನೆಗೆ ಬಂದಾಗ ಅವನ ತಾಯಿ ಸತ್ಯವ್ವ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಹೆಂಗಸರು ನೂಲಬೇಕು, ಗಂಡಸರು ನೇಯಬೇಕು ಅನ್ನುವುದು ಕಂಬಳಿ ನೇಯುವ ಆ ಮನೆಯಲ್ಲಿ ಮುತ್ಯಾನ ಕಾಲದಿಂದ ಬಂದ ರೂಢಿ. ತಾಯಿಯನ್ನು ಆ ಜಾಗದಲ್ಲಿ ಅವನು ಯಾವತ್ತೂ ಕಂಡವನಲ್ಲ. ಬಾಗಿಲಲ್ಲೇ ನಿಂತ.

"ಅಲ್ಲೇನ ಮಾಡಾಕತ್ತಿ ಯವ್ವಾ?"

"ಕೋಳಿ ಕುಣ್ಯಾಗ ತತ್ತಿ ಇಟ್ಟಿತ್ತಪಾ. ತಗ್ಯಾಕ ಇಳದೆ."

ತತ್ತಿ ಅವಳ ಮಡಿಲಲ್ಲಿತ್ತು. ಕೈ ಮಾತ್ರ ಮಗ್ಗದ ಮೇಲಿದ್ದ ಕಂಬಳಿಯ ಮೇಲಿತ್ತು. ಕಣ್ಣಿಗೆ ಪೊರೆ ಬಂದು ಒಂದು ವರ್ಷವಾಗಿತ್ತು. ನೋಡುವ ಗೋಜಿಗೆ ಹೋಗದೆ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡು, ಮಲಗಿದ ಕುರಿಯ ಬೆನ್ನು ಸವರಿದ ಹಾಗೆ ಅಂಗೈಯಾಡಿಸುತ್ತಿದ್ದಳು. ಒಂದು ಕಡೆ ಬೆರಳು ನಿಂತಿತು.

"ಇಲ್ಲೊಮ್ಮೆ ಸಡಲ ಬಿಟ್ಟಿ," ಅಂದಳು. ಬೆರಳು ಒಂದು ಮೊಳದಷ್ಟು ಸರಿದು ಮತ್ತೆ ನಿಂತಿತು. "ಇಲ್ಲೊಮ್ಮೆ ಬಿಟ್ಟಿ. ಒಳಗ ಸುತ್ತಿದ್ದರಾಗ ಇಂಥಾವು ಎಷ್ಟ ಅದಾವೋ ಏನೋ."

"ಏಳು," ಅಂದ ಸಂಜಯ.

"ಎಣಸಲಾರದ ಹೆಂಗ ಹೇಳಿದಿ?"

"ಏಳು ಫೋಟೋ ತಗದೇವಿ."

ಸತ್ಯವ್ವ ಕಂಬಳಿಯಿಂದ ಕೈ ತೆಗೆದಳು. ತತ್ತಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಕುಣಿಯ ಅಂಚಿಗೆ ಕೈಯೂರಿ ಎದ್ದು ಒಳಗೆ ಹೋದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಕಂಬಳಿ ನೇಯುವಾಗ ಹಾಸಿನ ಎಳೆಗಳ ಬಿಗಿ ಮೊದಲಿಂದ ಕೊನೆತನಕ ಒಂದೇ ಇರಬೇಕು. ನೇಯ್ದದ್ದನ್ನು ಮುಂದಿನ ದಿಂಡಿಗೆ ಸುತ್ತಿಕೊಳ್ಳಲು ಗೇಣಷ್ಟು ಸಡಿಲಿಸುವುದು ಬೇರೆ, ದಿಂಡನ್ನೇ ಪೂರ್ತಿ ಬಿಚ್ಚುವುದು ಬೇರೆ. ಹಿಂದಿನ ಗೂಟದ ಹಗ್ಗ ಬಿಟ್ಟು, ಸುತ್ತಿದ್ದನ್ನೆಲ್ಲ ಬಿಚ್ಚಿ, ಮತ್ತೆ ಸುತ್ತಿ ಬಿಗಿದು ನೇಯತೊಡಗಿದರೆ ಬಿಟ್ಟಲ್ಲಿ ಒಂದು ಗೆರೆ ಬೀಳುತ್ತದೆ. ಕೂದಲೆಳೆಯಷ್ಟು. ಕಣ್ಣಿಗೆ ಕಾಣುವುದಿಲ್ಲ, ಫೋಟೋದಲ್ಲಂತೂ ಕಾಣುವುದೇ ಇಲ್ಲ. ಬೆರಳಿಗೆ ಗೊತ್ತಾಗುತ್ತದೆ, ಆಮೇಲೆ ನೀರಿಗೆ ಗೊತ್ತಾಗುತ್ತದೆ.

ಇದು ಸಂಜಯನಿಗೆ ಗೊತ್ತಿರಲಿಲ್ಲ ಅಂತೇನಲ್ಲ. ನೇಯ್ದಷ್ಟೂ ಫೋಟೋದಲ್ಲಿ ಕಾಣಲಿ ಅಂತ ಮೊದಲ ಸಲ ಹಗ್ಗ ಬಿಚ್ಚುವಾಗ ಅವನಿಗೂ ಅಳುಕಿತ್ತು. ಹತ್ತು ನಿಮಿಷದ ಕೆಲಸ, ಏನಾದೀತು ಅಂದುಕೊಂಡ. ಎರಡನೆಯ ಸಲಕ್ಕೆ ಅಳುಕು ಅರ್ಧವಾಯಿತು. ನಾಲ್ಕನೆಯ ಸಲ ಬೆಳಕು ಚೆನ್ನಾಗಿ ಬೀಳಲಿ ಅಂತ ತಾನೇ ಬಾಗಿಲ ಪರದೆ ಸರಿಸಿದ್ದ.

ಆ ನೂಲು ಬೇರೆಯಾಗಿದ್ದರೆ ಇಷ್ಟು ಸಂಕಟವಿರುತ್ತಿರಲಿಲ್ಲ. ನಂದಗಡದ ಸಂತೆಗೆ ಹೋದರೆ ಉಣ್ಣೆ ಸಿಗುತ್ತದೆ. ಇದು ತಂದೆ ಸಿದರಾಯನ ಸ್ವಂತ ಹಿಂಡಿನ ಕೊನೆಯ ಉಣ್ಣೆ. ಸಿದರಾಯನ ಮೊಣಕಾಲು ಗುಡ್ಡ ಹತ್ತಲು ಒಲ್ಲೆ ಅಂದ ವರ್ಷ ಅವನು ಕುರಿಗಳನ್ನೆಲ್ಲ ಬೈಲಹೊಂಗಲದ ಕಡೆಯ ಒಬ್ಬನಿಗೆ ಕೊಟ್ಟು, ಹಂಚಿನ ಕಾರ್ಖಾನೆಯ ಗೇಟಿನಲ್ಲಿ ವಾಚಮನ್ ಆಗಿ ಕೂತ. ಕೊಡುವ ಮುಂಚೆ ಕತ್ತರಿಸಿದ ಮೂರು ಚೀಲ ಉಣ್ಣೆಯನ್ನು, ಕರಿ, ಕಂದು, ಬಿಳಿ ಅಂತ ಬೇರೆ ಮಾಡಿ, ಕಣ್ಣು ಮಂಜಾಗುವ ಮೊದಲು ಸತ್ಯವ್ವ ಪೂರ್ತಿ ನೂತು ಇಟ್ಟಿದ್ದಳು. ಅದು ತೀರಿದರೆ ಆ ಕುರಿಗಳೂ ತೀರಿದ ಹಾಗೆ.

ಆ ನೂಲಿನಲ್ಲಿ ಹೊದೆಯುವ ಕಂಬಳಿ ನೇಯಲು ಸಂಜಯನಿಗೆ ಮನಸ್ಸಾಗಲಿಲ್ಲ. ಒಂಬತ್ತು ಅಡಿ ಉದ್ದದ ಒಂದು ಚಿತ್ರ ಅವನ ತಲೆಯಲ್ಲಿತ್ತು: ಮುಂಜಾನೆ ಗುಡ್ಡದ ಮೇಲಿಂದ ನೋಡಿದಾಗ ನೀರಿಗಿಳಿಯುವ ಹಿಂಡು. ಬಣ್ಣ ಹಾಕುವಂತಿಲ್ಲ, ಕುರಿ ಕೊಟ್ಟ ಮೂರೇ ಬಣ್ಣ. ಹಿಂದೆ ಅಂಥ ಸಣ್ಣ ಸಣ್ಣ ತುಂಡುಗಳನ್ನು ನೇಯ್ದು ಗೋಡೆಗೆ ಹಾಕಿದ್ದ. ಅವುಗಳನ್ನು ನೋಡಿಯೇ ಅಭಿಜಿತ ಗಂಟು ಬಿದ್ದದ್ದು.

ಅಭಿಜಿತ ಅವನ ಜೊತೆ ಐಟಿಐ ಕಲಿತವನು. ಬೆಳಗಾವಿಯ ಶಿವಬಸವ ನಗರದಲ್ಲಿ ಮನೆಯ ಕೆಳಗಿನ ಖೋಲಿಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟು ಇಂಟರ್ನೆಟ್ ಸೆಂಟರ್ ತೆಗೆದಿದ್ದ. ಸಂಜಯನ ಹೆಸರಿನಲ್ಲಿ ಒಂದು ಪುಟ ಮಾಡಿ, ಎಲ್ಲಕ್ಕಿಂತ ಮೇಲೆ ದಪ್ಪ ಇಂಗ್ಲಿಷಿನಲ್ಲಿ, 'ನಮ್ಮ ಕಂಬಳಿಯಲ್ಲಿ ನೀರು ನಿಲ್ಲುತ್ತದೆ, ಒಂದು ಹನಿಯೂ ಸೋರುವುದಿಲ್ಲ' ಅಂತ ಬರೆದ. ಕೆಳಗೆ ಎಷ್ಟು ಜನ ನೋಡಿದರೆಂದು ತೋರಿಸುವ ಅಂಕಿ. ಅದರ ಪಕ್ಕದಲ್ಲಿ ಬಂದವರು ಎರಡು ಮಾತು ಬರೆದುಹೋಗುವ ಜಾಗ.

"ನೋಡ ಸಂಜೂ, ನೀ ಎಷ್ಟ ಛಲೋ ನೇಯ್ದ್ರೂ ಮನ್ಯಾಗ ಕುಂತ್ರ ಯಾರಿಗೂ ತಿಳಿಯೂದಿಲ್ಲ," ಅನ್ನುತ್ತಿದ್ದ ಅಭಿಜಿತ. "ವಾರಕ್ಕೊಂದ ಹೊಸಾದ ಹಾಕಬೇಕು. ಇಲ್ಲಂದ್ರ ಮಂದಿ ಮರೀತಾರ. ಕಂಬಳಿ ಬೆಳ್ಯೂದನ್ನ ನೋಡಲಿ. ಕೂಸ ಬೆಳ್ಯೂದ ನೋಡಿದಂಗ."

ಹೀಗೆ ರವಿವಾರಕ್ಕೊಮ್ಮೆ ಅಭಿಜಿತ ಫ್ಲಾಪಿ ಹಾಕುವ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಬೈಕಿನಲ್ಲಿ ಖಾನಾಪುರಕ್ಕೆ ಬರುವುದು, ಬುಧವಾರ ಮತ್ತು ಶನಿವಾರ ಪಾಳಿ ಬಿಟ್ಟ ಮೇಲೆ ಸಂಜಯ ಶಿವಬಸವ ನಗರಕ್ಕೆ ಹೋಗಿ ಬಂದ ಪತ್ರಗಳಿಗೆ ಉತ್ತರ ಬರೆಸುವುದು ರೂಢಿಯಾಯಿತು. ನಾರ್ವೆಯಿಂದ ಒಬ್ಬ ಬರೆದ. ಮಸ್ಕತ್ತಿನಲ್ಲಿದ್ದ ಧಾರವಾಡದ ಹೆಣ್ಣುಮಗಳೊಬ್ಬಳು ತನ್ನ ಅಜ್ಜಿಯ ಕಂಬಳಿ ನೆನೆಸಿಕೊಂಡು ಬರೆದಳು. ಮುಂದಿನ ಫೋಟೋ ಯಾವಾಗ ಅಂತ ಎಲ್ಲರದ್ದೂ ಒಂದೇ ಪ್ರಶ್ನೆ. ಫೌಂಡ್ರಿಯಲ್ಲಿ ಕಾದ ಕಬ್ಬಿಣ ಅಚ್ಚಿಗೆ ಇಳಿಯುವುದನ್ನು ನೋಡುತ್ತ ನಿಂತಾಗಲೂ ಸಂಜಯನ ಕಣ್ಣಮುಂದೆ ಆ ಅಂಕಿ ಏರುತ್ತಿತ್ತು. ಬಿಳಿ ಕುರಿಗಳು ಫೋಟೋದಲ್ಲಿ ಎದ್ದು ಕಾಣುತ್ತವೆಂದು ತಿಳಿದ ಮೇಲೆ, ಕಂದು ಇರಬೇಕಾದಲ್ಲಿ ಎರಡು ಬಿಳಿ ಕುರಿಗಳನ್ನು ನೇಯ್ದುಬಿಟ್ಟಿದ್ದ. ಅದನ್ನು ಯಾರಿಗೂ ಹೇಳಿರಲಿಲ್ಲ.

ಏಳನೆಯ ಫೋಟೋ ಹಾಕಿದ ಮೇಲೆ ಪುಣೆಯಿಂದ ಸುಮನ್ ಅನ್ನುವ ಹೆಂಗಸೊಬ್ಬರ ಪತ್ರ ಬಂತು. ಮೂಲ ಬೆಳಗಾವಿಯವರೇ, ಪುಣೆಯಲ್ಲಿ ಚಿತ್ರಗಳ ಪ್ರದರ್ಶನ ಏರ್ಪಡಿಸುತ್ತಿದ್ದರು. ಜನವರಿಯ ಪ್ರದರ್ಶನದಲ್ಲಿ ಒಂದು ಇಡೀ ಗೋಡೆ ಸಂಜಯನ ಕಂಬಳಿಗೆ. ಬರುವ ರವಿವಾರ ಬೆಳಗಾವಿಗೆ ಬರುವುದಿದೆ, ಮಗ್ಗದ ಮೇಲಿರುವಷ್ಟನ್ನು ಕಣ್ಣಾರೆ ನೋಡಿ ಗೋಡೆ ನಿಕ್ಕಿ ಮಾಡುತ್ತೇನೆ ಅಂತ ಬರೆದಿದ್ದರು. ಆ ರವಿವಾರಕ್ಕೆ ಇನ್ನು ಮೂರೇ ದಿನ ಉಳಿದಿದ್ದವು.

ಊಟಕ್ಕೆ ಕೂತಾಗ ಸಂಜಯ ತಟ್ಟೆಯಲ್ಲಿ ರೊಟ್ಟಿ ಮುರಿದು ಹಾಗೇ ಇಟ್ಟುಕೊಂಡಿದ್ದ. ಹೆಂಡತಿ ಪ್ರಮಿಳಾ ಪಲ್ಯ ಬಡಿಸುತ್ತ, "ರೊಟ್ಟಿಗೂ ಫೋಟೋ ತಗ್ಯಾಕ ಅಭಿ ಅಣ್ಣಾರು ಬರಬೇಕೇನು? ಉಣ್ರಿ," ಅಂದಳು.

"ಬಿಚ್ಚಬೇಕು," ಅಂದ ಅವನು.

"ಏನ?"

"ಕಂಬಳಿ. ಏಳ ಫೂಟನೂ."

ಪ್ರಮಿಳಾ ಅತ್ತೆಯ ಮುಖ ನೋಡಿದಳು. ಸತ್ಯವ್ವ ತನ್ನ ಪಾಡಿಗೆ ರೊಟ್ಟಿ ನೆನೆಸುತ್ತಿದ್ದಳು. ಪ್ರಮಿಳಾ ಪಲ್ಯದ ಬೋಗುಣಿ ಕೆಳಗಿಟ್ಟು ಕೂತಳು. "ಬಿಚ್ಚೂದಾದ್ರ ಬಿಚ್ಚರಿ. ಆದ್ರ ರವಿವಾರ ಆ ಬಾಯಾರು ನೋಡಿ ಹೋಗಲಿ. ಸೋಮವಾರ ಬಿಚ್ಚರಿ. ಅದಕ್ಕೇನ ಮುಹೂರ್ತ ಬೇಕೇನು?"

ಮಾತು ಸರಿಯಾಗಿತ್ತು. ಅಡ್ಡಿ ಹೇಳುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಸಂಜಯ ತಟ್ಟೆಯನ್ನೇ ನೋಡುತ್ತ ಹೇಳಿದ:

"ಆಕಿ ಛಲೋ ಐತಿ ಅಂದ್ಲಂದ್ರ ನಾ ಬಿಚ್ಚೂದಿಲ್ಲ, ಪ್ರಮೀ. ನನಗ ನಾ ಗೊತ್ತದೇನಿ."

ಪ್ರಮಿಳಾ ಮತ್ತೆ ಬೋಗುಣಿ ಎತ್ತಿಕೊಂಡಳು. ಸಂಜಯ ಎದುರಿಗೆ ಉಣ್ಣುತ್ತಿದ್ದ ತಂದೆಯ ಕಡೆ ತಿರುಗಿದ. "ಯಪ್ಪಾ, ನೀ ಏನಂತಿ?"

"ನನ್ನೇನ ಕೇಳತಿ?" ಅಂದ ಸಿದರಾಯ. "ನಾ ಗೇಟ ಕಾಯಾಂವ. ಒಳಗ ಏನ ಹೋಗತೈತಿ, ಹೊರಗ ಏನ ಬರತೈತಿ, ಅಷ್ಟ ನೋಡತೇನಿ." ನಕ್ಕ. ಆದರೆ ಕೈ ತೊಳೆಯಲು ಎದ್ದವನು ಮಗ್ಗದ ಹತ್ತಿರ ಹೋಗಿ, ಹಿಂದಿನ ಗೂಟದ ಹಗ್ಗವನ್ನು ಎರಡು ಬೆರಳಿನಿಂದ ಮಿಡಿದು ನೋಡಿ ಬಂದ.

ಶುಕ್ರವಾರ ಸಂಜಯ ಕೆಲಸಕ್ಕೆ ಎರಡು ದಿನ ರಜೆ ಹಾಕಿ ಬಿಚ್ಚಲು ಕೂತ. ನೇಯುವುದು ಮೇಲಿಂದ ಸುಲಭ ಕಂಡರೂ ಕಷ್ಟ. ಬಿಚ್ಚುವುದು ಕಷ್ಟ ಕಂಡು, ಇನ್ನೂ ಕಷ್ಟ. ಹಾಸಿನ ಎಳೆಗಳಿಗೆ ಬಳಿದ ಹುಣಸೆ ಬೀಜದ ಗಂಜಿ ಅಡ್ಡ ಹೊಕ್ಕಿನ ಎಳೆಗೂ ಅಂಟಿಕೊಂಡಿತ್ತು. ಎಳೆದರೆ ಹರಿಯುತ್ತದೆ, ಎಳೆಯದಿದ್ದರೆ ಬರುವುದಿಲ್ಲ. ಬೆರಳು ಒದ್ದೆ ಮಾಡಿಕೊಂಡು ಒಂದೊಂದೇ ಎಳೆಯನ್ನು ಹಿಂದಕ್ಕೆ ಕರೆಯಬೇಕು. ಸತ್ಯವ್ವ ಪಕ್ಕದಲ್ಲಿ ಕೂತು ಬಂದ ನೂಲನ್ನು ಬಣ್ಣ ಕೇಳಿ ಕೇಳಿ ಬೇರೆ ಬೇರೆ ಉಂಡೆ ಸುತ್ತುತ್ತಿದ್ದಳು. ಮಧ್ಯಾಹ್ನ ಪ್ರಮಿಳಾ ಅಂಗಡಿಗೆ ಹೋದಾಗ ಫೋನ್ ಬೂತಿನಿಂದ ಅಭಿಜಿತನಿಗೆ ಸುದ್ದಿ ಮುಟ್ಟಿಸಿದಳು. ಗಂಡ ಹೇಳಿರಲಿಲ್ಲ, ಯಾರಾದರೂ ತಡೆದಾರೆಂಬ ಆಸೆ ಅವಳಿಗೆ.

ಶನಿವಾರ ಬೆಳಿಗ್ಗೆ ಬೈಕು ಅಂಗಳಕ್ಕೆ ಬಂದ ಸದ್ದಿನಲ್ಲೇ ಅಭಿಜಿತನ ಸಿಟ್ಟು ಕೇಳಿಸಿತು. ಚಪ್ಪಲಿ ಬಿಡದೆ ಒಳಗೆ ಬಂದವನು ಹೊಸ್ತಿಲಲ್ಲಿ ನೆನಪಾಗಿ, ಹಿಂದೆ ಹೋಗಿ ಬಿಟ್ಟು ಬಂದ.

"ತಲಿ ಕೆಟ್ಟೈತೇನಲೇ ನಿಂದು?"

ಸಂಜಯ ತಲೆ ಎತ್ತಲಿಲ್ಲ. ಅಷ್ಟರಲ್ಲಿ ನಾಲ್ಕು ಅಡಿ ಬಿಚ್ಚಿ ಆಗಿತ್ತು. "ಗೆರಿ ಬಿದ್ದಾವು ಅಭಿ. ನೀರ ನಿಲ್ಲೂದಿಲ್ಲ."

"ಅರೇ, ಗ್ವಾಡಿಗಿ ತೂಗ ಹಾಕೂದಕ್ಕ ನೀರ ಯಾರ ಸುರೀತಾರ? ಪುಣೇದಾಗ ಮಂದಿ ತಂಬಿಗಿ ಹಿಡ್ಕೊಂಡ ಬರ್ತಾರೇನು?"

"ಪುಟದ ಮ್ಯಾಲ ನೀನ ಬರದೀದಿ. ಒಂದ ಹನಿನೂ ಸೋರೂದಿಲ್ಲಂತ."

"ಅದು ಬರಿಯೂ ರೀತಿ ಮಾರಾಯಾ! ಎಲ್ಲಾರೂ ಬರೀತಾರ!" ಅಭಿಜಿತ ಸತ್ಯವ್ವನ ಕಡೆ ತಿರುಗಿದ. "ಮಾವಶಿ, ನೀವರೆ ಹೇಳ್ರಿ ಇವಂಗ."

"ನಾ ಬಿಚ್ಚಂತ ಹೇಳಿಲ್ಲಪಾ, ಬಿಡಂತೂ ಹೇಳಿಲ್ಲ," ಅಂದಳು ಸತ್ಯವ್ವ. "ಕುಂದರು, ಚಾ ಕುಡಿ."

ಅಭಿಜಿತ ಕೂರಲಿಲ್ಲ. ಅವನ ದನಿ ಇಳಿಯಿತು. ಇಳಿದದ್ದೇ ಹೆಚ್ಚು ಚುಚ್ಚಿತು. "ಸಂಜೂ, ನೀ ಒಬ್ಬನ ಮಾಡಿಯೇನು ಇದನ್ನ? ಏಳ ರವಿವಾರ ನಾ ಮನಿ ಬಿಟ್ಟ ಬಂದೇನಿ. ಕಂಡಕಂಡವರಿಗೆ ನಿನ್ನ ಹೆಸರೀಲೆ ಪತ್ರಾ ಬರದೇನಿ. ನಾನೇನ ಕತ್ತೆ ಕಾಯಾಕ ಬರ್ತಿದ್ನ ಇಲ್ಲಿಗೆ? ನಿನ್ನ ಕೆಲಸ ಕೆಲಸ, ನಂದ ಅಲ್ಲ?"

ಅಭಿಜಿತ ಹೇಳಿದ್ದು ಖರೇ ಇತ್ತು. ಅವನಿಲ್ಲದಿದ್ದರೆ ಪುಣೆಯ ಗೋಡೆ ಇರಲಿ, ಖಾನಾಪುರದ ಮುಂದಿನ ಓಣಿಯ ಗೋಡೆಯೂ ಸಿಗುತ್ತಿರಲಿಲ್ಲ. "ನಿಂದೂ ಕೆಲಸನ," ಅಂದ ಸಂಜಯ. "ಆದ್ರ ನಾ ಹಗ್ಗಾ ಬಿಚ್ಚಬಾರದಿತ್ತು. ಬಿಚ್ಚಂವ ನಾನ. ನಿನ್ನ ತಪ್ಪಲ್ಲ ಅದು."

"ಹಂಗಾರ ನಿಲ್ಲಸು. ಇಷ್ಟರೆ ಉಳೀಲಿ," ಅಂತ ಅಭಿಜಿತ ಬಗ್ಗಿ, ಸಂಜಯನ ಬೆರಳಲ್ಲಿದ್ದ ಎಳೆಯನ್ನು ಹಿಡಿದ. ಜಗ್ಗಬೇಕೆಂದಲ್ಲ, ತಡೆಯಬೇಕೆಂದು. ಬಿಳಿ ಎಳೆ ಟಪ್ಪನೆ ಹರಿಯಿತು.

ಸತ್ಯವ್ವ ಉಂಡೆ ಸುತ್ತುವುದನ್ನು ನಿಲ್ಲಿಸಿದಳು. ಅಭಿಜಿತ ಹರಿದ ತುದಿಯನ್ನು ಬೆರಳುಗಳ ನಡುವೆ ಹಿಡಿದುಕೊಂಡು ನಿಂತ. ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ಸತ್ಯವ್ವನ ಅಂಗೈಯಲ್ಲಿಟ್ಟ. ಪ್ರಮಿಳಾ ಚಹದ ಕಪ್ಪು ಹಿಡಿದು ಬರುವಷ್ಟರಲ್ಲಿ ಬೈಕಿನ ಸದ್ದು ಓಣಿ ದಾಟಿತ್ತು.

ರವಿವಾರ ಹನ್ನೊಂದಕ್ಕೆ ಸುಮನ್ ಬಾಡಿಗೆ ಕಾರಿನಲ್ಲಿ ಬಂದರು. ನಲವತ್ತೈದರ ಹೆಂಗಸು, ಕಾಟನ್ ಸೀರೆ, ಹೆಗಲಿಗೆ ದೊಡ್ಡ ಚೀಲ. "ನಮಸ್ಕಾರ್ರಿ, ಫೋಟೋದಾಗ ನೋಡಿ ನೋಡಿ ನಿಮ್ಮ ಬಾಗಲಾನೂ ಗುರ್ತ ಸಿಕ್ತು," ಅಂತ ನಗುತ್ತ ಒಳಗೆ ಬಂದವರು ಮಗ್ಗದ ಮುಂದೆ ನಿಂತರು. ಅಲ್ಲಿ ಗೇಣುದ್ದ ಕಂಬಳಿಯಿತ್ತು. ಅದರಾಚೆ ಬರೀ ಹಾಸಿನ ಎಳೆಗಳು, ಪಕ್ಕದಲ್ಲಿ ಮೂರು ಬಣ್ಣದ ಉಂಡೆಗಳ ಒಂದು ಬುಟ್ಟಿ.

"ಉಳದದ್ದ ಎಲ್ಲೈತ್ರಿ?"

ಸಂಜಯ ಬುಟ್ಟಿ ತೋರಿಸಿದ.

ಹೇಳುವುದನ್ನು ಹೇಳಿ ಮುಗಿಸಲು ಅವನಿಗೆ ಐದು ನಿಮಿಷ ಬೇಕಾಯಿತು. ಸುಮನ್ ಪೂರ್ತಿ ಕೇಳಿಸಿಕೊಂಡರು. ಚೀಲದಿಂದ ಒಂದು ಕಾರ್ಡು ತೆಗೆದು ಅವನ ಕೈಗೆ ಕೊಟ್ಟರು. ಅದರ ಮೇಲೆ ಅವನದೇ ಕಂಬಳಿ ಇತ್ತು, ಏಳನೆಯ ಫೋಟೋ. ಬಾಗಿಲ ಬೆಳಕಿನಲ್ಲಿ ಇಳಿಯುವ ಹಿಂಡು, ನಡುವೆ ಆ ಎರಡು ಬಿಳಿ ಕುರಿಗಳು. ಎಂಥ ಚೆಂದದ ಚಿತ್ರ ಅನ್ನಿಸಿತು ಅವನಿಗೆ.

"ಐದನೂರು ಛಾಪಿಸೇನ್ರಿ," ಅಂದರು ಸುಮನ್. "ನೋಡಿ ನಿಕ್ಕಿ ಮಾಡತೇನಿ ಅಂದ್ರೂ ಮನಸಿನ್ಯಾಗ ನಿಕ್ಕಿ ಆಗಿತ್ತು. ಒಂದ ಮಾತ ಕೇಳ್ಲಿ? ನಾ ಬಂದ ಹೋಗೂತನಕ ನಿಮಗ ತಡ್ಯಾಕ ಆಗಲಿಲ್ಲೇನ್ರಿ?"

"ನೀವು ಛಲೋ ಅಂದಿದ್ರ ಬಿಚ್ಚಾಕ ಆಗತಿರಲಿಲ್ರಿ."

ಸುಮನ್ ಅವನನ್ನು ನೋಡಿದರು. ಸಿಟ್ಟೋ ಮರುಕವೋ ತಿಳಿಯುವಂತಿರಲಿಲ್ಲ. ಸತ್ಯವ್ವ ತಂದ ಚಹ ಕುಡಿದರು. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು: "ಮುಂದಿನ ಫೋಟೋ ಯಾವಾಗ ಅಂತ ಹೆಸರ ಹಾಕದ ಬರೀತಿದ್ರಲ್ರಿ, ಅವರಾಗ ನಾನೂ ಒಬ್ಬಾಕಿ. ಆದ್ರ ಗೋಡೆ ಖಾಲಿ ಇಡಾಕ ನನಗ ಬರೂದಿಲ್ಲ. ಬ್ಯಾರೆಯವರಿಗೆ ಕೊಡತೇನಿ. ಬ್ಯಾಸರ ಮಾಡ್ಕೋಬ್ಯಾಡ್ರಿ."

"ಇಲ್ರಿ," ಅಂದ ಸಂಜಯ. ಕಾರು ಹೋದ ಮೇಲೆ ಬಹಳ ಹೊತ್ತು ಅಂಗಳದಲ್ಲೇ ನಿಂತಿದ್ದ. ಬೇಸರ ಅನ್ನುವುದು ಸಣ್ಣ ಮಾತಾಗಿತ್ತು.

ಬಿಚ್ಚುತ್ತ ಬಿಚ್ಚುತ್ತ ಮೊದಲ ಗೆರೆಯ ಹತ್ತಿರ ಬಂದಾಗಲೇ ಸತ್ಯವ್ವ ತಡೆದಿದ್ದಳು. ಅದು ಬುಡದ ಗೇಣು, ಗಂಜಿ ಹಿಡಿದು ಕಲ್ಲಾಗಿತ್ತು. "ಇದನ್ನ ಬಿಡು. ಎಳದ್ರ ಹಾಸ ಹರೀತೈತಿ," ಅಂದಿದ್ದಳು. ಹಾಗಾಗಿ ಒಂದು ಗೆರೆ ಉಳಿದಿತ್ತು. ಅಲ್ಲಿಂದ ಮುಂದಕ್ಕೆ ಅವನು ಮತ್ತೆ ನೇಯತೊಡಗಿದ. ದೀಪಾವಳಿ ಹೋಯಿತು, ಸಂಕ್ರಾಂತಿ ಹೋಯಿತು. ಬುಧವಾರ ಶನಿವಾರಗಳೂ ಮಗ್ಗಕ್ಕೇ ಬಂದವು. ಎರಡು ಬಿಳಿ ಕುರಿಗಳಿದ್ದಲ್ಲಿ ಕಂದು ಬಂತು. ಹರಿದ ತುಂಡುಗಳು ಹೋಗಿ ನೂಲು ಕಡಿಮೆಯಾಗಿ ಒಂಬತ್ತು ಅಡಿಯದು ಎಂಟಕ್ಕೇ ನಿಂತಿತು. ಹಗ್ಗವನ್ನು ಅವನು ಪೂರ್ತಿ ಬಿಚ್ಚಲಿಲ್ಲ. ಇಡೀ ಚಿತ್ರ ಹೇಗೆ ಕಾಣುತ್ತದೆ ಅನ್ನುವುದು ಅವನಿಗೂ ಗೊತ್ತಿರಲಿಲ್ಲ. ದಿಂಡಿಗೆ ಸುತ್ತಿ ಒಳಗೇ ಇತ್ತು. ಕೆಲವು ಸಂಜೆ, ಯಾರೂ ನೋಡದ ಈ ಕೆಲಸ ಇದೆಯೋ ಇಲ್ಲವೋ ಅನ್ನಿಸಿ ಲಾಳಿ ಹಿಡಿದ ಕೈ ನಿಲ್ಲುತ್ತಿತ್ತು. ಆಗ ಅಭಿಜಿತನ ಬೈಕಿನ ಸದ್ದಿಗೆ ಕಿವಿಗೊಡುತ್ತಿದ್ದ. ಬರುತ್ತಿರಲಿಲ್ಲ.

ಶಿವರಾತ್ರಿಗೆ ಮುಂಚೆ ಕಂಬಳಿ ಕತ್ತರಿಸಿ ಇಳಿಸಿ, ನೀರಲ್ಲಿ ತುಳಿದು ಒಣಗಿಸಿಯಾಯಿತು. ಸಂಜಯ ತಾನೇ ಶಿವಬಸವ ನಗರಕ್ಕೆ ಹೋಗಿ ಅಭಿಜಿತನ ಸೆಂಟರಿನ ಬಾಗಿಲಲ್ಲಿ ನಿಂತ. "ಮುಗೀತು. ರವಿವಾರ ನೀರ ಹಾಕತೇವಿ. ಬಾ." ಅಭಿಜಿತ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, "ನಂಗ ಕೆಲಸ ಅದಾವು," ಅಂದ.

ರವಿವಾರ ಅಭಿಜಿತ ಎಲ್ಲರಿಗಿಂತ ಮುಂಚೆ ಅಂಗಳಕ್ಕೆ ಬಂದು ಕೂತಿದ್ದ. ಕೊರಳಲ್ಲಿ ಕ್ಯಾಮೆರಾ. "ಸುಮನ್‌ಬಾಯಾರು ಬರದಾರ," ಅಂದ, ನೆಲ ನೋಡುತ್ತ. "ಮಾರ್ಚದಾಗ ಒಂದ ಮೂಲಿ ಐತಂತ. ಗ್ವಾಡಿ ಅಲ್ಲ, ಮೂಲಿ. ಮುಗದಿದ್ರ ಒಂದ ಫೋಟೋ ಕಳಸ್ರಿ ಅಂದಾರ. ನಿಕ್ಕಿ ಇಲ್ಲ ಮತ್ತ."

ಹೊಸ ಕಂಬಳಿ ಸೋರುತ್ತದೋ ಇಲ್ಲವೋ ನೋಡಲು ಅದರ ನಾಲ್ಕು ಮೂಲೆಯನ್ನು ನಾಲ್ವರು ಹಿಡಿಯಬೇಕು. ಮನೆಯ ಹಿರಿಯ ಹೆಂಗಸು ನಡುವೆ ತಂಬಿಗೆ ನೀರು ಸುರಿಯಬೇಕು. ನೂರು ಎಣಿಸುವ ತನಕ ಮೂಲೆಗಳನ್ನು ಎತ್ತಿ ಇಳಿಸಿ ನೀರನ್ನು ಈ ತುದಿಯಿಂದ ಆ ತುದಿಗೆ ಓಡಾಡಿಸಬೇಕು. ಸಿದರಾಯ, ಪ್ರಮಿಳಾ, ಸಂಜಯ ಮೂವರಾದರು.

"ತಮ್ಮಾ, ಒಂದ ಮೂಲಿ ನೀ ಹಿಡಿ," ಅಂದಳು ಸತ್ಯವ್ವ.

"ಮಾವಶಿ, ನಾ ಫೋಟೋ…"

"ಮೂಲಿ ಹಿಡ್ಯಾಕ ಮಂದಿ ಇಲ್ಲಪಾ."

ಅಭಿಜಿತ ಹಿಡಿದ. ನೀರು ಬಿತ್ತು. ಕರಿ ಉಣ್ಣೆಯ ಮೇಲೆ ಹರಡದೆ ಗುಂಡಾಗಿ ನಿಂತು ನಡುಗಿತು. ಇಳಿಯುವ ಹಿಂಡಿನ ನಡುವೆ ನಿಜವಾದ ಕೆರೆಯೊಂದು ಬಂದ ಹಾಗಿತ್ತು. "ಅರೇ!" ಅಂದ ಅಭಿಜಿತ. ಕೊರಳ ಕ್ಯಾಮೆರಾ ಎದೆಗೆ ತಾಗುತ್ತಿತ್ತು, ಎರಡೂ ಕೈ ಕಂಬಳಿಯಲ್ಲಿದ್ದವು.

ಸತ್ಯವ್ವ ಎಣಿಸುತ್ತಿದ್ದಳು. ಮೂವತ್ತಕ್ಕೆ ನೀರು ಸಿದರಾಯನ ತುದಿಗೆ ಹೋಗಿ ಬಂತು. ಐವತ್ತಕ್ಕೆ ನಡುವಿಗೆ ಬಂತು. ಕೆಳಗಿನ ಮಣ್ಣು ಒಣಗಿಯೇ ಇತ್ತು.

"ಈಗ ಈ ಕಡೆ ಇಳಸ್ರಿ," ಅಂದಳು ಸತ್ಯವ್ವ. ಈ ಕಡೆ ಎಂದರೆ ಸಂಜಯ ಮತ್ತು ಅಭಿಜಿತ ಹಿಡಿದ ಬುಡದ ತುದಿ. ಸಂಜಯ ತಾಯಿಯ ಮುಖ ನೋಡಿದ. ಅವಳು ನೋಡುತ್ತಿರಲಿಲ್ಲ, ಎಣಿಸುತ್ತಿದ್ದಳು. ಅವನು ಮೂಲೆ ಇಳಿಸಿದ. ನೀರು ಉರುಳುತ್ತ ಬಂದು ಗೇಣಿನ ಹತ್ತಿರ ನಿಂತಿತು.

ಅರವತ್ತಕ್ಕೆ ಏನೂ ಇಲ್ಲ. ಅರವತ್ತಾರಕ್ಕೆ ಕಂಬಳಿಯ ಕೆಳಗೆ ಅಡ್ಡಲಾಗಿ ಒಂದು ಗೆರೆ ಕಪ್ಪಾಯಿತು, ದಾರ ಎಳೆದಷ್ಟು ನೆಟ್ಟಗೆ. ಗೆರೆಯುದ್ದಕ್ಕೂ ಹನಿಗಳು ಕೂಡಿದವು. ಒಂದು ಕೆಳಗೆ ಬಿತ್ತು.

"ಒಂದ," ಅಂದ ಸಿದರಾಯ.

ಅಭಿಜಿತ ಆ ಹಸಿ ಗೆರೆಯನ್ನೇ ನೋಡುತ್ತಿದ್ದ. ಮೊದಲ ರವಿವಾರ, ಮೊದಲ ಫೋಟೋ. ಅವತ್ತು ತಾನೇ ಹಗ್ಗ ಬಿಚ್ಚಲು ಕೈ ಹಚ್ಚಿದ್ದು ಅವನಿಗೆ ನೆನಪಿತ್ತು. "ಸಂಜೂ," ಅಂದ ಮೆಲ್ಲಗೆ, "ಪುಟದ ಮ್ಯಾಲ ಏನಂತ ಬರೀಲಿ?"

"ಒಂದ ಕಡೆ ಸೋರತೈತಿ ಅಂತ ಬರಿ."

"ಹಂಗ ಬರದ್ರ ಯಾರ ಕರೀತಾರಲೇ?"

"ಗೊತ್ತಿಲ್ಲ. ಬರಿ."

ಇನ್ನೊಂದು ಹನಿ ಬಿತ್ತು. ಅಭಿಜಿತನ ಕೈ ಸೋತು ಮೂಲೆ ತುಸು ಇಳಿಯಿತು.

"ಮೂಲಿ ಬಿಡಬ್ಯಾಡ್ರೋ," ಅಂದಳು ಸತ್ಯವ್ವ, "ನೂರ ಆಗಿಲ್ಲ ಇನ್ನ. ಎಪ್ಪತ್ತೊಂದು. ಎಪ್ಪತ್ತೆರಡು."